ಗಾಡಿ ಬಂದಾಗ ಓಡದೆ ಕೂತದ್ದು: ನನ್ನ ಅನುಭವ

ಮುಂಬೈಯ ಬೀದಿಯಲ್ಲಿ ಪರವಾನಿಗೆ ಇಲ್ಲದೆ ಮಾರುವುದೇ ತಪ್ಪು, ಆ ತಪ್ಪನ್ನು ಸತ್ಯಾಗ್ರಹ ಅಂತ ಕರೆಯುವುದು ಇನ್ನೂ ದೊಡ್ಡ ತಪ್ಪು ಎಂದು 2016ರಲ್ಲಿ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಯೂನಿಯನ್ನಿನ ಹಿರಿಯರು ಹೇಳಿದರು, ರಾತ್ರಿಶಾಲೆಯಲ್ಲಿ ನನಗೆ ಕಲಿಸಿದ ಮಾಸ್ತರರು ಹೇಳಿದರು, ವಿಜಯಪುರ ಜಿಲ್ಲೆಯ ಇಂಡಿಯಿಂದ ಮಾವನವರು ಫೋನ್ ಮಾಡಿ ಹೇಳಿದರು. ಈಗ ನಮ್ಮ ಸಾಲಿನಲ್ಲಿ 17 ಜನ ಕೂರುತ್ತೇವೆ. ಒಬ್ಬರೂ ಹಫ್ತಾ ಕೊಡುವುದಿಲ್ಲ. ಗಾಡಿ ನಮ್ಮ ಮಾಲು ಎತ್ತಿದ್ದು ಕಡೆಯದಾಗಿ 2019ರ ದೀಪಾವಳಿಗೆ ಮುಂಚೆ. ಪುಣೆಯಿಂದ, ವಾಸ್ಕೋದಿಂದ ನಮ್ಮ ಕಡೆಯ ಮಂದಿ ಹೆಂಗ ಮಾಡಿದ್ರಿ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಬುಟ್ಟಿ ಇಟ್ಟುಕೊಂಡು ಕೂತವರಿಗೇ ಬರೆಯುತ್ತಿದ್ದೇನೆ; ಹೊಸಬರಿಗೆ ಇಷ್ಟು ಸಾಕು: ಗಾಡಿ ಅಂದರೆ ಪರವಾನಿಗೆ ಇಲ್ಲದವರ ಮಾಲು ಎತ್ತಿಕೊಂಡು ಹೋಗುವ ಪಾಲಿಕೆಯ ವಾಹನ, ಹಫ್ತಾ ಅಂದರೆ ಸುಮ್ಮನೆ ಬಿಡಲು ಕೊಡುವ ಲಂಚ, ಪಾವತಿ ಅಂದರೆ ರಸೀದಿ.

ನಾನು ಮುಂಬೈಗೆ ಬಂದದ್ದು 1999ರಲ್ಲಿ. ನಿಂಬೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಮಾರುತ್ತೇನೆ. ಬೆಳಗಿನ ಜಾವ ದಾದರಿನಿಂದ ಮಾಲು, ಸಂಜೆ ಮಧ್ಯ ರೈಲ್ವೆಯ ಒಂದು ಸ್ಟೇಷನ್ ಹೊರಗೆ ವ್ಯಾಪಾರ. ಯಾವ ಸ್ಟೇಷನ್, ಯಾವ ವಾರ್ಡು ಅಂತ ಬರೆಯುವುದಿಲ್ಲ. ಅಲ್ಲಿಯ ಅಧಿಕಾರಿಗಳ ಮೇಲೆ ನನಗೆ ಹಗೆ ಇಲ್ಲ.

ಈ ಊರಿನಲ್ಲಿ ಬೀದಿ ವ್ಯಾಪಾರಕ್ಕೆ ಹೊಸ ಪರವಾನಿಗೆ ಕೊಡುವುದು 1978ರಲ್ಲೇ ನಿಂತಿತು. ನಾನು ಹುಟ್ಟಿದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಕೇಳಿದರೂ ಕೊಡುವುದಿಲ್ಲ, ಇಲ್ಲ ಅಂತ ದಂಡ ಹಾಕುತ್ತಾರೆ. 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಾಗ ಎಲ್ಲ ಸರಿಹೋಯಿತು ಅಂದುಕೊಂಡೆವು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ ಎಂದು ಅದರ ಕಲಂ 3ರಲ್ಲೇ ಇದೆ. ಸರ್ವೆಯೂ ಆಯಿತು. ಸುಮಾರು 99 ಸಾವಿರ ಅರ್ಜಿ ಬಿದ್ದವು, ಅರ್ಹರು ಅಂತ ಮೊದಲು ಉಳಿದದ್ದು 15 ಸಾವಿರದಷ್ಟು ಜನ. ಡೊಮಿಸೈಲ್, ಅಂದರೆ ಈ ರಾಜ್ಯದ ವಾಸಿ ಅನ್ನುವ ಪತ್ರ, ಕೇಳಿದರು. ನನ್ನ ರೇಷನ್ ಕಾರ್ಡು 2006ರದ್ದು, ಅದಕ್ಕಿಂತ ಹಿಂದೆ ನಾನು ಇಲ್ಲಿದ್ದೆ ಅನ್ನುವುದಕ್ಕೆ ಕಾಗದವಿಲ್ಲ. ನನ್ನ ಹೆಸರು ಹೊರಗೆ ಬಿತ್ತು.

ಓಡುವುದನ್ನು ಬಿಡಬೇಕು ಅಂತ ಅನಿಸಿದ್ದು ಯಾವ ಭಾಷಣ ಕೇಳಿಯೂ ಅಲ್ಲ, ಲೆಕ್ಕದ ಪುಸ್ತಕ ನೋಡಿ. ದಿನಕ್ಕೆ 50 ರೂಪಾಯಿ ಹಫ್ತಾ, ತಿಂಗಳಿಗೆ 1,500, ವರ್ಷಕ್ಕೆ 18 ಸಾವಿರ. ಅಷ್ಟು ಕೊಟ್ಟ ಮೇಲೂ ವರ್ಷಕ್ಕೆ ಐದಾರು ಸಲ ಗಾಡಿ ಬರುತ್ತಿತ್ತು, ಓಡುತ್ತಿದ್ದೆ. ಪೊಲೀಸ್ ಕಾಯ್ದೆಯ ಕಲಂ 102, 117ರಲ್ಲಿ ದಂಡ 1,200. ಅಂದರೆ ಹಫ್ತಾದ ದುಡ್ಡಿನಲ್ಲಿ ವರ್ಷಕ್ಕೆ 15 ಸಲ ದಂಡ ಕಟ್ಟಬಹುದು. ದಂಡಕ್ಕೆ ಪಾವತಿ ಸಿಗುತ್ತದೆ, ಹಫ್ತಾಕ್ಕೆ ಸಿಗುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಕಾನೂನು ಮುರಿಯುತ್ತಲೇ ಬಂದಿದ್ದೇನೆ, ಆದರೆ ಕಳ್ಳನ ಹಾಗೆ ಮುರಿದಿದ್ದೇನೆ ಅನಿಸಿತು. ಮುರಿಯದೆ ಹೊಟ್ಟೆ ತುಂಬುವುದಿಲ್ಲ ಎಂದ ಮೇಲೆ ಎದುರಿಗೇ ಕೂತು ಮುರಿಯೋಣ, ದಂಡವನ್ನು ಸರಕಾರದ ಖಜಾನೆಗೇ ಕಟ್ಟೋಣ ಎಂದು ನಿರ್ಧಾರ ಮಾಡಿದೆ.

ಮೊದಲ ಸಲ ಪೂರಾ ನೆಲಕಚ್ಚಿತು. 14 ಜನ ಆಣೆ ಮಾಡಿ ಕೂತಿದ್ದೆವು. ಸಂಜೆ ಆರೂವರೆಗೆ ಗಾಡಿ ತಿರುವಿಗೆ ಬರುತ್ತಿದ್ದ ಹಾಗೆ 11 ಜನ ಎದ್ದು ಓಡಿದರು. ನನ್ನ ನಾಲ್ಕು ನೂರು ನಿಂಬೆ, ಎಲೆಕ್ಟ್ರಾನಿಕ್ ತಕ್ಕಡಿ, ಛತ್ರಿ, ಹಲಗೆ ಎಲ್ಲ ಹೋದವು. 2,300 ರೂಪಾಯಿಯಷ್ಟು ನಷ್ಟ. ಮರುದಿನ ಓಡಿದವರೇ ನನ್ನ ಗಿರಾಕಿಗಳಿಗೆ ಮಾರುತ್ತಿದ್ದರು. "ನಾ ಮೊದಲ ಹೇಳಿದ್ನಿಲ್ಲೋ ತಮ್ಮಾ" ಅಂದರು ಯೂನಿಯನ್ನಿನ ಹಿರಿಯರು. ಆದರೆ ತಪ್ಪಿದ್ದದ್ದು ಧೈರ್ಯದಲ್ಲಿ ಅಲ್ಲ, ಮಾಲು ಇಡುವುದರಲ್ಲಿ. ನಾಲ್ಕು ಸಾವಿರದ ಮಾಲು ಮುಂದೆ ಹರವಿಕೊಂಡು ಸುಮ್ಮನೆ ಕೂರು ಅಂದರೆ ಯಾರೂ ಕೂರುವುದಿಲ್ಲ. ಆಮೇಲಿನಿಂದ 300, 400ರ ಮಾಲು ಮಾತ್ರ ಮುಂದೆ. ಉಳಿದದ್ದು ಒಬ್ಬ ಮಂಗಳೂರಿನ ಹೋಟೆಲಿನವರ ಹಿಂದಿನ ಕೋಣೆಯಲ್ಲಿ. ತಕ್ಕಡಿಯೂ ಹಳೆಯದು, ಹೋದರೆ ಹೋಯಿತು. ಓಡುವ ಕಾಲು ನಿಲ್ಲುವುದು ಇಲ್ಲಿಂದಲೇ.

ಎರಡನೆಯ ಸಲ 2017ರ ಶುರುವಿನಲ್ಲಿ, ನೋಟು ರದ್ದಾಗಿ ಯಾರ ಕೈಯಲ್ಲೂ ಕಾಸಿಲ್ಲದ ಕಾಲ. 9 ಜನ ಕೂತೆವು, ಒಬ್ಬರೂ ಏಳಲಿಲ್ಲ. ಆದರೆ ನನ್ನ ಊರಿನವನೇ ಒಬ್ಬ ಹುಡುಗ ಬುಟ್ಟಿ ಹಿಡಿದು ಜಗ್ಗಿದ, ಗಾಡಿಯವರಲ್ಲಿ ಒಬ್ಬರು ಬಿದ್ದರು. ಸರಕಾರಿ ಕೆಲಸಕ್ಕೆ ಅಡ್ಡಿ ಅಂತ 353ರ ಕೇಸಾಯಿತು. ಜಾಮೀನು, ವಕೀಲರು ಸೇರಿ 22 ಸಾವಿರ. ಅವನನ್ನು ಕರೆತಂದವನು ನಾನು. ಅವನ ತಾಯಿಗೆ ಫೋನಿನಲ್ಲಿ ಹೇಳಬೇಕಾಗಿ ಬಂದ ದಿನವನ್ನು ನಾನು ಮರೆತಿಲ್ಲ. ಐದು ತಿಂಗಳು ಈ ಮಾತೇ ಎತ್ತಲಿಲ್ಲ.

ಆಮೇಲೆ ಭಾನುವಾರ ಮಧ್ಯಾಹ್ನ ಚಾಳಿನ ಅಂಗಳದಲ್ಲಿ ತಾಲೀಮು ಶುರುಮಾಡಿದೆವು. ಇದನ್ನು ಬಿಟ್ಟು ಯಾರೂ ಬೀದಿಯಲ್ಲಿ ಕೂರಬೇಡಿ. ಇಬ್ಬರು ಗಾಡಿಯವರಾಗಬೇಕು, ಬುಟ್ಟಿ ಒದೆಯಬೇಕು, ತಾಯಿ ತಂಗಿ ಎತ್ತಿ ಬೈಯಬೇಕು. ಕೂತವರ ಎರಡೂ ಕೈ ಮೊಣಕಾಲ ಮೇಲೆ. ಕೈ ಎದ್ದರೆ ಆ ವಾರ ಅವರು ಸಾಲಿಗೆ ಬರುವ ಹಾಗಿಲ್ಲ. ನನ್ನ ಕೈಯೇ ಮೂರು ಸಲ ಎದ್ದಿತು. ಸೊಪ್ಪು ಮಾರುವ ಕಲಬುರಗಿ ಕಡೆಯ ಅಕ್ಕನ ಕೈ ಒಮ್ಮೆಯೂ ಏಳಲಿಲ್ಲ. "ಬೈಸ್ಕೊಂಡ ಬೆಳದಾಕಿ ನಾನು, ಇದೇನ ಹೊಸಾದು?" ಅಂದರು. ಕಡೆಗೆ ಎಲ್ಲರಿಗೂ ಕಲಿಸಿದವರು ಅವರೇ.

ಮೂರನೆಯ ಸಲ, ಜುಲೈ 2017. ಈ ಸಲ ಪಾಲಿಕೆಯ ಕಚೇರಿಗೆ ಮೊದಲೇ ಪತ್ರ ಕೊಟ್ಟೆವು. ಇಂಥ ದಿನ, ಇಂಥ ಜಾಗ, ಇಷ್ಟು ಜನ, ಪರವಾನಿಗೆ ಇಲ್ಲದೆ ಕೂರುತ್ತೇವೆ, ಹಫ್ತಾ ಕೊಡುವುದಿಲ್ಲ, ನೀವು ಕ್ರಮ ತೆಗೆದುಕೊಂಡರೆ ವಿರೋಧಿಸುವುದಿಲ್ಲ. ಗಾಂಧೀಜಿ ದಂಡಿಗೆ ಹೊರಡುವ ಮುಂಚೆ 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್ನರಿಗೆ ಹೀಗೇ ಬರೆದು ತಿಳಿಸಿದ್ದರು ಅಂತ ಮಾಸ್ತರರೇ ಕಲಿಸಿದ್ದು. ಪತ್ರ ತೆಗೆದುಕೊಂಡು ಶಿಕ್ಕಾ (ಮುದ್ರೆ) ಹೊಡೆಯಲು ಕಚೇರಿಯವರು ಒಪ್ಪುವುದಿಲ್ಲ, ನಿಮಗೂ ಗೊತ್ತಿದೆ. ಶಿಕ್ಕಾ ಬೀಳುವ ಹಾಗೆ ಪತ್ರದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲನ್ನು ಇಲ್ಲಿ ಬರೆದರೆ ನಾಳೆ ಅದಕ್ಕೂ ಮದ್ದು ಹುಡುಕುತ್ತಾರೆ. ಬೇಕಾದವರು ಬಂದು ಕೇಳಲಿ, ಹೇಳುತ್ತೇನೆ.

ಸಾಲಿನಲ್ಲಿ ಕೂತ ಒಂಬತ್ತು ಜನರಲ್ಲಿ ಒಬ್ಬರು ಒಳಗೊಳಗೇ ಹಫ್ತಾ ಕೊಡುತ್ತಿದ್ದರು. ಪ್ರತಿ ಸಲ ಅವರ ಬುಟ್ಟಿ ಮಾತ್ರ ಉಳಿಯುತ್ತಿತ್ತು, ಅದರಿಂದ ತಿಳಿಯಿತು. ಹೊರಗೆ ಹಾಕಲಿಲ್ಲ. ತಾವೇ ಎಲ್ಲರ ಮುಂದೆ ಹೇಳಿದರು, ಮುಂದಿನ ಗಾಡಿಗೆ ತಮ್ಮ ಬುಟ್ಟಿಯನ್ನೇ ಮೊದಲು ಮುಂದೆ ಇಟ್ಟರು. ಈಗ ಡಬ್ಬಿಯ ಲೆಕ್ಕ ಅವರ ಕೈಯಲ್ಲೇ ಇದೆ. ಡಬ್ಬಿ ಅಂದರೆ ದಿನಕ್ಕೆ ತಲೆಗೆ 20 ರೂಪಾಯಿ ಹಾಕುವುದು. ತಿಂಗಳಿಗೆ ಐದು ಸಾವಿರದ ಮೇಲೆ ಬೀಳುತ್ತಿತ್ತು. ದಂಡ ಇದರಿಂದ, ಹೋದ ಮಾಲಿನ ಅರ್ಧ ಬೆಲೆಯೂ ಇದರಿಂದ. ಡಬ್ಬಿ ಇಲ್ಲದಿದ್ದರೆ ಎರಡನೇ ತಿಂಗಳಿಗೇ ಒಡೆದುಹೋಗುತ್ತಿದ್ದೆವು.

ಮಾಸ್ತರರ ಆಕ್ಷೇಪ ಗಟ್ಟಿಯಾಗಿತ್ತು. ಬಾಬಾಸಾಹೇಬ ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಏನು ಹೇಳಿದರು ನೆನಪಿಸಿಕೋ ಅಂದರು. ಸಂವಿಧಾನದ ದಾರಿ ತೆರೆದಿರುವಾಗ ಕಾನೂನುಭಂಗ, ಸತ್ಯಾಗ್ರಹಗಳನ್ನು ಕೈಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದಿದ್ದರು. "ಎಲ್ಲರೂ ತಮಗೆ ಒಗ್ಗದ ಕಾನೂನು ಮುರದ್ರ ಬಡವನ್ನ ಕಾಯೋ ಕಾನೂನೂ ಉಳಿಯಂಗಿಲ್ಲಪ್ಪಾ." ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ವಾರಗಟ್ಟಲೆ ತಲೆಯಲ್ಲಿ ಉಳಿಯಿತು. ದಾರಿ ತೆರೆದಿರುವಾಗ ಅಂದರಲ್ಲ, ನಮಗೆ ತೆರೆದಿದೆಯೇ ಅಂತ ನೋಡಿದೆ. ಮೂರು ಅರ್ಜಿ ಕೊಟ್ಟಿದ್ದೆ, ಒಂದಕ್ಕೂ ಉತ್ತರವಿಲ್ಲ. ಕಾಯ್ದೆಯ ಪ್ರಕಾರ ಊರಿನ ಬೀದಿ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಜನ ನಾವು ಆರಿಸಿದ ವ್ಯಾಪಾರಿಗಳಿರಬೇಕು. ಮುಂಬೈಯಲ್ಲಿ ಆ ಚುನಾವಣೆ ನಡೆದದ್ದೇ 2024ರ ಆಗಸ್ಟ್‌ನಲ್ಲಿ, ಕಾಯ್ದೆ ಬಂದು ಹತ್ತು ವರ್ಷಕ್ಕೆ. ಮುಚ್ಚಿದ ಬಾಗಿಲ ಮುಂದೆ ಕೂತದ್ದಕ್ಕೆ ಬಾಬಾಸಾಹೇಬರು ನಮ್ಮನ್ನು ಬೈಯುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಆದರೆ ಅವರಿಂದಲೇ ಇನ್ನೊಂದು ಪಾಠ ಕಲಿತೆ. 1927ರ ಡಿಸೆಂಬರಿನಲ್ಲಿ, ಅಸ್ಪೃಶ್ಯರಿಗೆ ನೀರು ಮುಟ್ಟಗೊಡದ ಮಹಾಡದ ಕೆರೆಗೆ ಎರಡನೇ ಸಲ ಹೋಗಲು ಸಾವಿರಾರು ಜನ ಬಂದು ಸೇರಿದ್ದರು. ಅಷ್ಟರಲ್ಲಿ ಎದುರಿನವರು ಕೋರ್ಟಿನಿಂದ ತಡೆ ತಂದಿದ್ದರು. ಅಷ್ಟು ಜನ ಕಾದಿದ್ದರೂ ಬಾಬಾಸಾಹೇಬರು ಸತ್ಯಾಗ್ರಹ ಮುಂದೂಡಿದರು. ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ 1937ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು.

ಇದು ನಮಗೆ ಬೇಗನೇ ಬೇಕಾಯಿತು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. ನವೆಂಬರ್ 1ಕ್ಕೆ ಹೈಕೋರ್ಟು ಸ್ಟೇಷನ್ನಿನಿಂದ 150 ಮೀಟರ್ ಒಳಗೆ ಯಾರೂ ಮಾರುವ ಹಾಗಿಲ್ಲ ಎಂದಿತು. ನಾವಿದ್ದದ್ದು ಮೆಟ್ಟಿಲಿನಿಂದ 60 ಮೀಟರ್ ದೂರದಲ್ಲಿ. ರಾತ್ರಿ ಚಾಳಿನಲ್ಲಿ ಜಗಳವೇ ಆಯಿತು. ಇಷ್ಟು ದಿನ ಮುರಿದವರು ಇದೊಂದನ್ನು ಯಾಕೆ ಪಾಲಿಸಬೇಕು ಅಂತ ಹುಡುಗರು. ಅಕ್ಕ ಎದ್ದು ನಿಂತರು. "ಆ ಮಂದಿ ಓಡೋ ಮುಂದ ದಾರ್ಯಾಗ ನನ್ನ ಬುಟ್ಟಿ ಇದ್ದಿದ್ರ ಎಷ್ಟ ಮಂದಿ ಎಡವಿ ಬೀಳತಿದ್ರು, ಹೇಳ್ರಿ." ಯಾರೂ ಮಾತಾಡಲಿಲ್ಲ. ಮರುದಿನ 30 ಮೀಟರಿನ ಟೇಪು ತಂದು ಐದು ಸಲ ಎಳೆದು ಅಳೆದೆವು. ಅದರಾಚೆಗೆ ಹೋಗಿ ಕೂತೆವು. ಕೂರುವ ಜಾಗಕ್ಕೂ ಸೀಮೆಸುಣ್ಣದಲ್ಲಿ ತಲಾ ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದ ಗೆರೆ ಎಳೆದೆವು. 1985ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದ್ದ ಅಳತೆ ಅದು. ನನ್ನ ವ್ಯಾಪಾರ ದಿನಕ್ಕೆ 900 ಇದ್ದದ್ದು 400ಕ್ಕೆ ಇಳಿಯಿತು. ಮೂವರು ಬಿಟ್ಟುಹೋದರು, ಆರು ಜನ ಉಳಿದೆವು. ಇಡೀ ಕೆಲಸದಲ್ಲಿ ಕಷ್ಟದ ದಿನಗಳು ಅವೇ. ಆದರೆ ಮಾಸ್ತರರು ಸಂಜೆ ಬಂದು ನಮ್ಮ ಗೆರೆಗಳನ್ನು ನೋಡಿದರು, ಅರ್ಧ ಡಜನ್ ನಿಂಬೆ ಕೊಂಡರು, ಆಮೇಲೆ ಆಕ್ಷೇಪ ಎತ್ತಲಿಲ್ಲ.

ಕೋರ್ಟಿನ ವಿಷಯ. ಒಪ್ಪಿಕೊಂಡು ದಂಡ ಕಟ್ಟಿ ಹೊರಬರುವುದು ಎರಡು ನಿಮಿಷದ ಕೆಲಸ, ನೀವೆಲ್ಲ ಮಾಡಿದ್ದೀರಿ. ನಾವು ಆ ಎರಡು ನಿಮಿಷವನ್ನೇ ಹಿಡಿದೆವು. "ಹೌದು ಸಾಹೇಬ್ರೆ, ಮಾರಿದೆ, ನಾಳೆಯೂ ಮಾರುತ್ತೇನೆ, ಪರವಾನಿಗೆ ಕೊಟ್ಟರೆ ಈ ದಿನವೇ ಹಣ ಕಟ್ಟುತ್ತೇನೆ, ಎತ್ತಿದ ನನ್ನ ಮಾಲಿನ ಪಟ್ಟಿ ಕೊಟ್ಟಿಲ್ಲ." ಅಷ್ಟೇ, ಮರಾಠಿಯಲ್ಲಿ, ಬಾಯಿಪಾಠ. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿ ತಪ್ಪು ಒಪ್ಪಿಕೊಂಡು, ಕಾನೂನಿನಲ್ಲಿರುವ ದೊಡ್ಡ ಶಿಕ್ಷೆಯನ್ನೇ ಕೊಡಿ ಎಂದು ಕೇಳಿ ಆರು ವರ್ಷ ಹಾಕಿಸಿಕೊಂಡರು. ನಮ್ಮದು ಅಷ್ಟು ದೊಡ್ಡದಲ್ಲ, ಆದರೆ ಒಪ್ಪಿಕೊಳ್ಳುವ ರೀತಿ ಅದೇ. ನಾನೊಬ್ಬನೇ 14 ಸಲ ನಿಂತಿದ್ದೇನೆ. ಹೆಚ್ಚಿನ ಸಲ 1,200, ಒಂದು ಸಲ 200.

ದಂಡ ಕಟ್ಟದೆ ಶಿಕ್ಷೆ ಅನುಭವಿಸೋಣ ಅಂತಲೂ ಒಮ್ಮೆ ನೋಡಿದೆವು. ಕೋರ್ಟು ಏಳುವ ತನಕ ಅಲ್ಲೇ ಕೂತಿರು ಅಂದರು, ಒಂದು ದಿನದ ದುಡಿಮೆ ಹೋಯಿತು, ಮಾಲು ಬಾಡಿತು, ಯಾರಿಗೂ ಸುದ್ದಿ ತಿಳಿಯಲಿಲ್ಲ. ಬಿಟ್ಟೆವು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಏಪ್ರಿಲ್ 6ಕ್ಕೆ ನಿಂಬೆಯ ಪಕ್ಕ ಉಪ್ಪಿನ ಪೊಟ್ಟಣ ಇಟ್ಟೆವು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1930ರಲ್ಲಿ ಇದೇ ಊರಿನ ಶೇರು ಪೇಟೆಗೆ ನುಗ್ಗಿ ಕಾನೂನು ಮುರಿದು ತಂದ ಉಪ್ಪನ್ನು ಮಾರಿದ್ದರು, ಅದನ್ನು ಗಿರಾಕಿಗಳಿಗೆ ಹೇಳುವ ಆಸೆ. ಆಫೀಸು ಬಿಟ್ಟು ಓಡುವವರಿಗೆ ನಿಂತು ಕೇಳುವ ಹೊತ್ತಿಲ್ಲ, 40 ಪೊಟ್ಟಣ ಹೋಗಿರಬೇಕು. ಫಲ ಕೊಟ್ಟದ್ದು ಇನ್ನೊಂದು: ದಂಡದ ಪಾವತಿಗಳನ್ನೆಲ್ಲ ದಾರಕ್ಕೆ ಪೋಣಿಸಿ ತಲೆಯ ಮೇಲೆ ತೋರಣದ ಹಾಗೆ ಕಟ್ಟಿದೆವು. ಜನ ನಿಂತು ಓದಿದರು, ಏನಿದು ಅಂತ ಕೇಳಿದರು, ಕೊಂಡೂ ಹೋದರು. ನನ್ನ ವ್ಯಾಪಾರ 400ರಿಂದ ಮತ್ತೆ 700ಕ್ಕೆ ಏರಿದ್ದು ಈ ತೋರಣದಿಂದ. ಇದು ನನ್ನದೇ ಉಪಾಯ, ಬೇರೆ ಕಡೆ ಕಂಡರೆ ಇಲ್ಲಿಂದ ಹೋದದ್ದು ಅಂತ ತಿಳಿಯಿರಿ.

ಗೆಲುವು ಬಂದದ್ದು ನಾವು ಎಣಿಸಿದ ಕಡೆಯಿಂದ ಅಲ್ಲ. 2019ರ ಮಳೆಗಾಲದಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಅಕ್ಕನ ಮಾತು ಪೂರಾ ಕೇಳಿಸಿಕೊಂಡರು. ಪಟ್ಟಿ ಎಲ್ಲಿ ಅಂತ ಆ ಕಡೆಯವರನ್ನು ಕೇಳಿದರು. 2014ರ ಕಾಯ್ದೆಯ ಕಲಂ 19ರಂತೆ ಎತ್ತಿದ ಮಾಲಿಗೆ ಸಹಿ ಮಾಡಿದ ಪಟ್ಟಿ ಕೊಡಬೇಕು, ಕೆಡುವ ಮಾಲನ್ನು ಕೇಳಿದ ದಿನವೇ ವಾಪಸು ಕೊಡಬೇಕು. ಪಟ್ಟಿ ಇರಲಿಲ್ಲ. ಆ ದಿನ ದಂಡವಿಲ್ಲದೆ ಕಳಿಸಿದರು. ಅಲ್ಲಿಂದ ಮುಂದೆ ಗಾಡಿಯವರು ಪಟ್ಟಿ ಬರೆಯತೊಡಗಿದರು. ನಾವು ಓಡುವುದಿಲ್ಲ, ಪ್ರತಿ ಮೆಣಸಿನಕಾಯಿಯ ತೂಕವನ್ನೂ ಬರೆಸುತ್ತೇವೆ, ಸಂಜೆಯೊಳಗೆ ಗೋಡೌನಿಗೆ ಹೋಗಿ ಕೇಳುತ್ತೇವೆ. ಆರು ಜನರ ಪಟ್ಟಿಗೆ ಎರಡು ತಾಸು ಹಿಡಿಯುತ್ತಿತ್ತು. ನಾಲ್ಕು ಸಲ ಹಾಗೆ ಬರೆದರು, ಐದನೆಯ ಸಲ ಗಾಡಿ ನಮ್ಮ ಮುಂದೆ ನಿಧಾನ ಮಾಡಿ ಹಾಗೇ ಹೋಯಿತು.

ನನ್ನ ಲೆಕ್ಕದಲ್ಲಿ ಒಟ್ಟು ಕಳೆದದ್ದು ದಂಡ 16 ಸಾವಿರದೊಳಗೆ, ಮಾಲು 20 ಸಾವಿರದ ಆಸುಪಾಸು, ವಕೀಲರಿಗೆ ನನ್ನ ಪಾಲು ಬೇರೆ. ಹಫ್ತಾ ಕೊಡದೆ ಉಳಿದ ದುಡ್ಡಿನಿಂದ ಅದು ಎಂದೋ ತೀರಿತು. ಪ್ರಮಾಣಪತ್ರ ಇನ್ನೂ ಸಿಕ್ಕಿಲ್ಲ, ಇವತ್ತಿಗೂ ನಾನು ಕಾಗದದ ಪ್ರಕಾರ ಕಾನೂನು ಮುರಿಯುತ್ತಲೇ ಕೂತಿದ್ದೇನೆ, ವರ್ಷಕ್ಕೊಮ್ಮೆ ಆ ಪತ್ರವನ್ನು ಹೊಸದಾಗಿ ಬರೆದು ಶಿಕ್ಕಾ ಹಾಕಿಸುತ್ತೇನೆ. 353ರ ಹುಡುಗನ ಕೇಸು ಈಚೆಗೆ ಮುಗಿಯಿತು. ಅವನೀಗ ಊರಿನಿಂದ ಡಾಗದ (ನಿಂಬೆ ಚೀಲದ) ಲೆಕ್ಕದಲ್ಲಿ ನಿಂಬೆ ತರಿಸಿ ನಮ್ಮ 17 ಜನಕ್ಕೂ ಹಂಚುತ್ತಾನೆ. ಭಾನುವಾರದ ತಾಲೀಮು ನಿಂತಿಲ್ಲ, ಹೊಸಬರು ಬಂದಾಗ ಗಾಡಿಯವನಾಗಿ ಬುಟ್ಟಿ ಒದೆಯುವ ಪಾತ್ರ ಅವನದೇ.