‘ನಾವು’ ಅಂದರೆ ಯಾರ್‍ಯಾರು?

ಫಿಲಿಪೈನ್ಸ್ ದೇಶದ ಮನಿಲಾದಲ್ಲಿ ಕೆಲಸಕ್ಕಿದ್ದಾಗ ಸುಮ್ನೆ ಹೊತ್ತು ಕಳೆಯೋಕೆ ಅಂತ ಅಲ್ಲಿನ ಭಾಷೆ ಟಗಾಲೊಗ್ ಕಲಿತೆ. ಮಾತು ಬೇಗ ಬಂತು, ಓದು ಬರಲಿಲ್ಲ. ಆಗ ಪಕ್ಕದ ಮನೆಯ ರಿಟೈರ್ಡ್ ಟೀಚರ್ ಒಬ್ಬರು ನನ್ನ ಕೈಗೆ ಒಂದು ದಪ್ಪ ಪುಸ್ತಕ ಕೊಟ್ಟರು. ಅವರನ್ನು ನಾನು ‘ತೀತಾ’ ಅಂತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಅನ್ನೋ ಹಾಗೆ. ಪುಸ್ತಕ ಅಮಾಡೊ ಹೆರ್ನಾಂಡೆಸ್ ಅವರ ‘ಮಙಾ ಇಬೊಙ್ ಮಂದರಾಗಿತ್’, ಅಂದರೆ ಬೇಟೆ ಹಕ್ಕಿಗಳು. 1969ರಲ್ಲಿ ಬಂದ ಕಾದಂಬರಿ. (ಒಂದನೇ ಕ್ಲಾಸಿನಲ್ಲಿ ತಿದ್ದಿದ ಙ ಅಕ್ಷರಕ್ಕೆ ಅಂತೂ ಒಂದು ಕೆಲಸ ಸಿಕ್ಕಿತು!)

ಮೊದಲ ಸಲ ಅರ್ಧಕ್ಕೇ ಬಿಟ್ಟೆ. ಸಮುದ್ರದ ತಳದಲ್ಲಿ ಒಂದು ನಿಧಿ ಇದೆ ಅಂತ ಬರುತ್ತೆ. ಅದು ಎಲ್ಲಿಂದ ಬಂತು ಅಂತಲೇ ಗೊತ್ತಾಗಲಿಲ್ಲ. ‘ರಿಸಾಲ್ ಓದದೆ ಇದನ್ನು ಓದ್ತೀಯಾ?’ ಅಂತ ತೀತಾ ಬೈದರು. ಅಲ್ಲಿನವರು ರಾಷ್ಟ್ರವೀರ ಅನ್ನೋ ಲೇಖಕ ಹೊಸೆ ರಿಸಾಲ್ 1891ರಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದ ಕಾದಂಬರಿಯ ಕೊನೆಯಲ್ಲಿ ಪಾದ್ರಿಯೊಬ್ಬರು ಕಥಾನಾಯಕ ಸಿಮೌನ್‌ನ ಒಡವೆ ಪೆಟ್ಟಿಗೆಯನ್ನು ಸಮುದ್ರಕ್ಕೆ ಎಸೆದುಬಿಡುತ್ತಾರೆ. ಹೆರ್ನಾಂಡೆಸ್ ಅದನ್ನೇ ಮೇಲೆತ್ತಿಸುತ್ತಾರೆ, ಅದೂ ಜನ ಆಡುವ ಟಗಾಲೊಗ್‌ನಲ್ಲಿ. ಜಪಾನಿಯರ ವಿರುದ್ಧ ಕಾಡಿನಲ್ಲಿ ಹೋರಾಡಿದ ಮಾಂಡೊ ಆ ದುಡ್ಡಿನಿಂದ ಪತ್ರಿಕೆ ನಡೆಸುತ್ತಾನೆ. ದೇಶವನ್ನು ಆಳಿದ ಸ್ಪೇನ್ ಹೋಯಿತು, ಜಪಾನ್ ಹೋಯಿತು, ಹೆಸರಿಗೆ ಅಮೆರಿಕವೂ ಹೋಯಿತು. ಜಮೀನು ಮಾತ್ರ ದಣಿಗಳ ಕೈಯಲ್ಲೇ ಉಳಿಯಿತು. ಪುಸ್ತಕದ ಸಿಟ್ಟೆಲ್ಲ ಇದೇ. ಬರೆದವರೂ ಕಾರ್ಮಿಕ ನಾಯಕರು. 1951ರಲ್ಲಿ ಅರೆಸ್ಟ್ ಆಗಿ, 1956ರಲ್ಲಿ ಜಾಮೀನಿನ ಮೇಲೆ ಹೊರಬಂದು, 1964ರಲ್ಲಷ್ಟೇ ಸುಪ್ರೀಂ ಕೋರ್ಟಿನಿಂದ ಖುಲಾಸೆಯಾದವರು.

ರೈತರ ಭಾಗಗಳನ್ನಾದರೂ ಕನ್ನಡಕ್ಕೆ ತರೋಣ ಅಂತ ಕೂತೆ. ‘ನೀನು’, ‘ನೀವು’ ಸಲೀಸಾಯಿತು. ಅವರಲ್ಲೂ ಇಕಾವ್, ಕಾಯೊ ಅಂತ ಎರಡಿವೆ. ‘ಕಸಮ’ ಅಂತ ಬಂದಲ್ಲೆಲ್ಲ ‘ಸಂಗಾತಿ’ ಅಂತ ಬರೆದೆ. ತೀತಾ ಬಿದ್ದು ಬಿದ್ದು ನಕ್ಕರು. ನಡುವೆ ಒತ್ತಿ ‘ಕಸಾಮ’ ಅಂದರೆ ಸಂಗಾತಿ, ಕೊನೆಗೆ ಒತ್ತಿ ‘ಕಸಮಾ’ ಅಂದರೆ ದಣಿಯ ಹೊಲವನ್ನು ಪಾಲಿಗೆ ಮಾಡುವವನು. ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ‘ಗೇಣಿದಾರ’ ಅಂತ ತಿದ್ದಿದೆ. ಯಾಕೋ ತಾಲ್ಲೂಕು ಆಫೀಸಿನ ಕಾಗದದ ಹಾಗಾಯಿತು. ಕೊನೆಗೆ ‘ಪಾಲಿಗೆ ಮಾಡೋರು’ ಅಂತಲೇ ಇಟ್ಟುಕೊಂಡೆ.

ನಿಜವಾದ ತಲೆನೋವು ‘ನಾವು’. ಟಗಾಲೊಗ್‌ನಲ್ಲಿ ಅದಕ್ಕೆ ಎರಡು ಪದ. ಕೇಳುವವನನ್ನು ಬಿಟ್ಟು ನಾವು ಅಂದರೆ ‘ಕಮಿ’, ಅವನನ್ನೂ ಸೇರಿಸಿಕೊಂಡರೆ ‘ತಾಯೊ’. ರೈತ ದಣಿಯ ಎದುರು ‘ಕಮಿ’ ಅನ್ನುತ್ತಾನೆ. ತನ್ನವರ ಜೊತೆ ದೇಶದ ಮಾತು ಬಂದಾಗ ‘ತಾಯೊ’. ದೇಶದೊಳಗೆ ಯಾರಿದ್ದಾರೆ, ಯಾರಿಲ್ಲ ಅನ್ನೋದು ಅಷ್ಟು ಚಿಕ್ಕ ಪದದಲ್ಲಿ ಗೊತ್ತಾಗುತ್ತೆ. ನಮ್ಮ ‘ನಾವು’ ಎರಡನ್ನೂ ನುಂಗಿಬಿಡುತ್ತೆ, ಅಲ್ವಾ?

ಪಾವಗಡದ ಗೆಳೆಯನಿಗೆ ಫೋನ್ ಮಾಡಿದೆ. ಮನೆಯಲ್ಲಿ ತೆಲುಗು ಆಡುವವನು. ‘ಇಷ್ಟೇನಾ? ನಮ್ಮ ಮೇಮು, ಮನಮು ಕಣೋ’ ಅಂದ. ಅವನಿಗೆ ಸುಲಭ. ನಾನು ‘ಕಮಿ’ಗೆ ಕೆಲವು ಕಡೆ ‘ನಮ್ಮಂಥ ಬಡವರು’ ಅಂತಲೂ, ‘ತಾಯೊ’ಗೆ ‘ನಾವೂ ನೀವೂ’ ಅಂತಲೂ ಬರೆದಿದ್ದೇನೆ. ಆ ಎರಡೂ ಹೊಂದದ ಕಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಟ್ಟಿದ್ದೇನೆ. ಸುತ್ತುಗಳೇ ಜಾಸ್ತಿ ಇವೆ.