ಫ್ಲೂ ಜಾಡು ಹಿಡಿಯಲು ಕುಟುಂಬ ವೈದ್ಯರು ಏನೇನು ಮಾಡಬೇಕು?

ಫ್ಲೂ ಬಂದವರಲ್ಲಿ ಹೆಚ್ಚಿನವರು ಆಸ್ಪತ್ರೆಯ ವಾರ್ಡಿನವರೆಗೆ ಹೋಗುವುದೇ ಇಲ್ಲ. ಮನೆಯಲ್ಲೇ ಮಲಗುತ್ತಾರೆ, ತೀರಾ ಆಗದಿದ್ದರೆ ಪರಿಚಯದ ಡಾಕ್ಟರ ಹತ್ತಿರ ಹೋಗುತ್ತಾರೆ. ಆಸ್ಪತ್ರೆಯ ದಾಖಲೆಗಳನ್ನಷ್ಟೇ ನೆಚ್ಚಿ ಕೂತರೆ, ಸೋಂಕು ಎಲ್ಲೆಡೆ ಹಬ್ಬಿದ ಮೇಲಷ್ಟೇ ಗೊತ್ತಾಗುತ್ತದೆ. ಅದಕ್ಕೇ ಹಲವು ದೇಶಗಳು ಕುಟುಂಬ ವೈದ್ಯರ ಕಣ್ಗಾವಲು ಜಾಲ ಕಟ್ಟಿಕೊಂಡಿವೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್ ಈ ಕೆಲಸಕ್ಕೆ ಕೇಂದ್ರ ತೆರೆದದ್ದು 1957ರಲ್ಲಿ. ಫ್ರಾನ್ಸಿನ ಸೆಂಟಿನೆಲ್ ಜಾಲ ಶುರುವಾದದ್ದು 1984ರಲ್ಲಿ.

ಜಾಲಕ್ಕೆ ಸೇರಿದ ವೈದ್ಯರ ಮೊದಲ ಕೆಲಸ, ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಖಚಿತ ಮಾಡಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಜೊತೆಗೆ ಕೆಮ್ಮು, ಕಾಯಿಲೆ ಶುರುವಾಗಿ 10 ದಿನ ದಾಟಿರಬಾರದು. ಕೆಲವು ಜಾಲಗಳ ಅಳತೆ ತುಸು ಬೇರೆ ಇರುತ್ತದೆ; ನಿಮ್ಮ ಜಾಲ ಹೇಳಿದ್ದನ್ನೇ ಪಾಲಿಸಿ, ನಡುವೆ ಬದಲಿಸಬೇಡಿ. ಜ್ವರವೇ ಬಾರದ ವೃದ್ಧರಲ್ಲೂ ಫ್ಲೂ ಇರಬಹುದು. ಲೆಕ್ಕದಿಂದ ಹೊರಗುಳಿದರೂ ಅವರ ಚಿಕಿತ್ಸೆ ಎಂದಿನಂತೆಯೇ ನಡೆಯಬೇಕು.

ಎರಡನೆಯದು ಎಣಿಕೆ. ಜಾಲದ ಜೀವ ಇರುವುದೇ ಇಲ್ಲಿ. ಫ್ಲೂ ಲಕ್ಷಣದವರು 40 ಮಂದಿ ಬಂದರು ಎಂದಷ್ಟೇ ಬರೆದರೆ ಏನೂ ತಿಳಿಯದು. ಆ ವಾರ ಬಂದ ಒಟ್ಟು ರೋಗಿಗಳು 200 ಇದ್ದರೆ ಅದು ನೂರಕ್ಕೆ 20. 400 ಇದ್ದರೆ ನೂರಕ್ಕೆ 10. ಆದ್ದರಿಂದ ಎರಡೂ ಸಂಖ್ಯೆ ಬೇಕು, ವಯಸ್ಸಿನ ಗುಂಪಿನ ಪ್ರಕಾರ ಬೇಕು, ಪ್ರತಿ ವಾರ ಬೇಕು. ಒಬ್ಬರೂ ಬಾರದ ವಾರ ‘ಸೊನ್ನೆ’ ಎಂದೇ ಬರೆದು ಕಳಿಸಿ. ಕ್ಲಿನಿಕ್ ಮುಚ್ಚಿತ್ತೇ? ಹಾಗೆಂದು ತಿಳಿಸಿ, ಅದು ಸೊನ್ನೆಯಲ್ಲ. ತಣ್ಣಗಿದ್ದ ತಿಂಗಳುಗಳ ಲೆಕ್ಕ ಕೈಯಲ್ಲಿದ್ದರೆ ಮಾತ್ರ ಏರಿಕೆ ಯಾವ ವಾರ ಶುರುವಾಯಿತೆಂದು ಹೇಳಲು ಸಾಧ್ಯ. ಬೇಸರ ತರಿಸುವ ಈ ಕೆಲಸವನ್ನು ತಪ್ಪದೆ ಮಾಡುವ ವೈದ್ಯರ ಬಗ್ಗೆ ನನಗೆ ಅಪಾರ ಗೌರವವಿದೆ.

ಮೂರನೆಯದು ಮಾದರಿ ಸಂಗ್ರಹ. ಕಾಯಿಲೆ ಜೋರಾಗಿರುವವರನ್ನೇ ಆರಿಸಿದರೆ ಚಿತ್ರ ತಿರುಚಿಹೋಗುತ್ತದೆ. ದಿನದ ಮೊದಲ ಇಬ್ಬರು ಅರ್ಹರು ಎಂಬಂಥ ನಿಯಮವಿಟ್ಟುಕೊಳ್ಳಿ. ಒಪ್ಪಿಗೆ ಪಡೆದು, ಲಕ್ಷಣ ಕಾಣಿಸಿದ ಮೊದಲ ನಾಲ್ಕು ದಿನಗಳೊಳಗೆ, ಮೂಗು ಮತ್ತು ಗಂಟಲಿನಿಂದ ಸ್ವಾಬ್ ತೆಗೆಯಿರಿ. ಮರದ ಕಡ್ಡಿಯ ಹತ್ತಿ ಸ್ವಾಬ್ ಬೇಡ, ಅದು ಪಿಸಿಆರ್ ಪರೀಕ್ಷೆಗೆ ಅಡ್ಡಿಯಾಗಬಹುದು. ಸಿಂಥೆಟಿಕ್ ತುದಿಯದೇ ಆಗಬೇಕು. ವೈರಸ್ ಸಾಗಣೆ ದ್ರಾವಣದಲ್ಲಿ ಹಾಕಿ, 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ಬೇಗ ಕಳಿಸಿ. ಚೀಟಿಯಲ್ಲಿ ವಯಸ್ಸು, ಲಕ್ಷಣ ಶುರುವಾದ ದಿನ, ಫ್ಲೂ ಲಸಿಕೆ ಹಾಕಿಸಿಕೊಂಡಿದ್ದರೆ ಆ ದಿನಾಂಕ ಇರಲಿ. ವರದಿಗೆ ಕಾದು ಔಷಧ ತಡಮಾಡಬೇಡಿ. ಅಪಾಯ ಹೆಚ್ಚಿರುವವರಿಗೆ ವೈರಸ್ ನಿರೋಧಕ ಮಾತ್ರೆ ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಶುರುವಾದರೆ ಒಳ್ಳೆಯದು.

ನೆಗೆಟಿವ್ ಬಂದ ಸ್ವಾಬ್ ವ್ಯರ್ಥವಲ್ಲ. ಪಾಸಿಟಿವ್ ಬಂದವರಲ್ಲಿ ಎಷ್ಟು ಜನ ಲಸಿಕೆ ಹಾಕಿಸಿಕೊಂಡಿದ್ದರು, ನೆಗೆಟಿವ್ ಬಂದವರಲ್ಲಿ ಎಷ್ಟು ಎಂದು ಹೋಲಿಸಿಯೇ ಆ ವರ್ಷದ ಲಸಿಕೆ ಎಷ್ಟು ಕೆಲಸ ಮಾಡಿತೆಂದು ಅಂದಾಜಿಸುತ್ತಾರೆ.

ಮುಂದಿನದು ಪ್ರಯೋಗಾಲಯದ ಪಾಲು. ವೈರಸ್ ಎ ಬಗೆಯೋ ಬಿ ಬಗೆಯೋ, ಎ ಆದರೆ ಎಚ್1ಎನ್1 ಅಥವಾ ಎಚ್3ಎನ್2 ಎಂದು ಅಲ್ಲಿ ಗುರುತಿಸುತ್ತಾರೆ. ಆಯ್ದ ಮಾದರಿಗಳು 1952ರಿಂದ ನಡೆದಿರುವ ವಿಶ್ವ ಆರೋಗ್ಯ ಸಂಸ್ಥೆಯ ಜಾಲ ಸೇರುತ್ತವೆ. ಫೆಬ್ರುವರಿ ಹಾಗೂ ಸೆಪ್ಟೆಂಬರಿನಲ್ಲಿ ತಜ್ಞರು ಮುಂದಿನ ಲಸಿಕೆಯ ತಳಿ ಆರಿಸುವುದು ಇವನ್ನೆಲ್ಲ ನೋಡಿಯೇ. ಬಿ ಬಗೆಯ ಯಮಗಾಟ ಎಂಬ ತಳಿ 2020ರ ಮಾರ್ಚ್ ನಂತರ ಖಚಿತವಾಗಿ ಪತ್ತೆಯಾಗಿಲ್ಲ ಎಂದು ತಿಳಿದದ್ದೂ ಹೀಗೆ ಎಡೆಬಿಡದೆ ನಡೆದ ಪರೀಕ್ಷೆಯಿಂದ. ಆ ಬಳಿಕವೇ ಅದನ್ನು ಲಸಿಕೆಯಿಂದ ಕೈಬಿಡುವ ಸಲಹೆ ಬಂತು.

ಜಾಲದಿಂದ ಮರಳಿ ಬರುವ ವಾರದ ವರದಿಯನ್ನು ತಪ್ಪದೆ ಓದಿ. ಫ್ಲೂ ಏರಿದೆ ಎಂದು ಅದರಲ್ಲಿದ್ದರೆ, ಜ್ವರ-ಕೆಮ್ಮಿನ ಪ್ರತಿ ರೋಗಿಗೂ ಆ್ಯಂಟಿಬಯಾಟಿಕ್ ಬರೆಯುವ ಮುನ್ನ ಯೋಚಿಸಿ. ಗರ್ಭಿಣಿಯರು, ವೃದ್ಧರು, ಆಸ್ತಮಾ ಇರುವವರು ಬಂದರೆ ಅವರನ್ನು ಸಾಲಿನಲ್ಲಿ ಕಾಯಿಸದೆ ಮೊದಲು ನೋಡಿ.