ನೇಮಿಸುವ ಸಾಲಲ್ಲ, ತೆಗೆಯುವ ಸಾಲು ಹುಡುಕಿ

ಭಾನುವಾರ ಬೆಳಿಗ್ಗೆ ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಪಿಎಸ್‌ಸಿ (ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಲೋಕಸೇವಾ ಆಯೋಗ) ಪರೀಕ್ಷೆಗೆ ಓದುವ ಏಳೆಂಟು ಮಕ್ಕಳು ಕೂರುತ್ತಾರೆ. ಕಳೆದ ವಾರ ಒಬ್ಬಳು ಕೇಳಿದಳು: "ಮಾಷ್ಟ್ರೇ, ಚುನಾವಣಾ ಆಯುಕ್ತರನ್ನು ನೇಮಿಸುವುದು ರಾಷ್ಟ್ರಪತಿ ಅಲ್ವಾ? ಮತ್ತೆ ಸ್ವತಂತ್ರ ಸಂಸ್ಥೆ ಹೇಗಾಯಿತು?" ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತೇನೆ.

ಸಂವಿಧಾನದ ಪುಸ್ತಕ ತೆರೆಯಿರಿ. ಕೈಯಲ್ಲಿ ಕೆಂಪು ಪೆನ್ಸಿಲ್ ಇರಲಿ. ನೇಮಿಸುವವರು ಯಾರು ಅನ್ನುವುದನ್ನು ಸುಮ್ನೆ ಓದಿ ಮುಂದೆ ಹೋಗಿ. ತೆಗೆಯುವವರು ಯಾರು, ಯಾವ ಕಾರಣಕ್ಕೆ, ಯಾರನ್ನು ಕೇಳಿ? ಆ ಸಾಲಿಗೆ ಗೆರೆ ಎಳೆಯಿರಿ.

ವಿಧಿ 324(5) ನೋಡಿ. ಮುಖ್ಯ ಚುನಾವಣಾ ಆಯುಕ್ತರನ್ನು ತೆಗೆಯಲು ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ದಾರಿಯೇ ಬೇಕು, ಅಂದರೆ ಸಂಸತ್ತಿನ ಎರಡೂ ಸದನಗಳು ಒಪ್ಪಬೇಕು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಗೂ ಹಾಗೇ, ವಿಧಿ 148.

ಈಗ ನಿಮ್ಮದೇ ಪಿಎಸ್‌ಸಿ. ಕೇರಳ ಪಿಎಸ್‌ಸಿಯ ಸದಸ್ಯರನ್ನು ನೇಮಿಸುವುದು ರಾಜ್ಯಪಾಲರು. ಆದರೆ 317ನೇ ವಿಧಿ ಓದಿ. ದುರ್ನಡತೆಯ ಆರೋಪ ಬಂದರೆ ರಾಜ್ಯಪಾಲರು ಅವರನ್ನು ತೆಗೆಯುವ ಹಾಗಿಲ್ಲ. ರಾಷ್ಟ್ರಪತಿ ವಿಷಯವನ್ನು ಸುಪ್ರೀಂ ಕೋರ್ಟಿಗೆ ಕಳಿಸಬೇಕು, ಕೋರ್ಟು ವಿಚಾರಣೆ ಮಾಡಿ ಹೌದು ಅಂದ ಮೇಲೆಯೇ ತೆಗೆಯಬೇಕು. ಕೆಲಸ ಕೊಟ್ಟವರೇ ಕೆಲಸ ಕಿತ್ತುಕೊಳ್ಳದಂತೆ ಕಟ್ಟಿದ ಬೇಲಿ ಇದು. ಇದನ್ನು ಓದಿದಾಗ ಆ ಹುಡುಗಿಯ ಪೆನ್ಸಿಲ್ ಎರಡು ಸಲ ಗೆರೆ ಎಳೆಯಿತು.

ಅಮೆರಿಕದ ಸುದ್ದಿ ಓದುವಾಗಲೂ ಇದೇ ಪ್ರಶ್ನೆ ಕೇಳಿ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು, ಅಲ್ಲಿ ಆಡಳಿತದ ಅಧಿಕಾರ ಅಧ್ಯಕ್ಷರದ್ದೇ. ಮಹಾಭಿಯೋಗ (ಸಂಸತ್ತೇ ಆರೋಪ ಹೊರಿಸಿ ವಿಚಾರಣೆ ಮಾಡಿ ತೆಗೆಯುವುದು) ಬಿಟ್ಟರೆ ಅಧಿಕಾರಿಗಳನ್ನು ತೆಗೆಯುವ ಸಾಲು ಅವರ ಸಂವಿಧಾನದಲ್ಲಿಲ್ಲ. ಹಾಗಾಗಿ ಜಗಳ ಕೋರ್ಟಿಗೆ ಹೋಗುತ್ತದೆ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ವ್ಯಾಪಾರದ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್ನಿನ ಸದಸ್ಯ ಹಂಫ್ರಿಯವರ ರಾಜೀನಾಮೆ ಕೇಳಿದರು. ಅವರು ಕೊಡಲಿಲ್ಲ, ಅಧ್ಯಕ್ಷರು ವಜಾ ಮಾಡಿದರು. ಮರುವರ್ಷ ಹಂಫ್ರಿ ತೀರಿಕೊಂಡರು. ಬಾಕಿ ಸಂಬಳಕ್ಕಾಗಿ ಅವರ ಆಸ್ತಿ ನೋಡಿಕೊಳ್ಳುವವರು ದಾವೆ ಹೂಡಿ, 1935ರಲ್ಲಿ ಗೆದ್ದರು. ಕಾನೂನಿನಲ್ಲಿ ಬರೆದ ಕಾರಣವಿಲ್ಲದೆ ತೆಗೆಯುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. 2020ರಲ್ಲಿ ಅದೇ ಕೋರ್ಟು, ಒಬ್ಬರೇ ಮುಖ್ಯಸ್ಥರಿದ್ದ ಗ್ರಾಹಕ ಹಣಕಾಸು ಸಂಸ್ಥೆಗೆ ಆ ರಕ್ಷಣೆ ಸಲ್ಲದು ಅಂದಿತು. 2025ರಲ್ಲಿ ಮತ್ತೆ ಟ್ರೇಡ್ ಕಮಿಷನ್ನಿನ ಸದಸ್ಯೆಯ ವಜಾ ಪ್ರಕರಣವೇ ಅಲ್ಲಿಗೆ ಬಂತು.

ಕೊನೆಗೆ ಕೇರಳದ ಕನ್ನಡಿಗರಾದ ನಮ್ಮದು, ನಮ್ಮ ಸಂವಿಧಾನದ ವಿಧಿ 350ಬಿ. ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿ ನೇಮಿಸುವ ವಿಶೇಷ ಅಧಿಕಾರಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಈ ವಿಧಿಯೂ ಜಾರಿಗೆ ಬಂತು. ಪೆನ್ಸಿಲ್ ಹಿಡಿದು ತೆಗೆಯುವ ಸಾಲು ಹುಡುಕಿ. ಸಿಗುವುದಿಲ್ಲ. ಅವಧಿಯೂ ಇಲ್ಲ, ರಕ್ಷಣೆಯೂ ಇಲ್ಲ. ಮೊದಲ ಸಲ ಇದು ಗೊತ್ತಾದಾಗ ನನಗೆ ತುಂಬಾ ಬೇಸರವಾಗಿತ್ತು.

ಆದರೆ ಇನ್ನೊಂದು ಸಾಲಿದೆ. ಆ ಅಧಿಕಾರಿಯ ವರದಿಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಿಸಲೇಬೇಕು. ಆದ್ದರಿಂದ ಶಾಲೆಯಲ್ಲಿ ಕನ್ನಡ ಬಾರದ ಅಧ್ಯಾಪಕರು ಬಂದರೆ, ಕನ್ನಡದ ಅರ್ಜಿ ನಮೂನೆ ಸಿಗದಿದ್ದರೆ, ಆ ಅಧಿಕಾರಿಗೆ ಅರ್ಜಿ ಬರೆಯಿರಿ. ತಾರೀಕು, ಶಾಲೆ, ತರಗತಿ ಎಲ್ಲ ಹಾಕಿ. ಕನ್ನಡದಲ್ಲೇ ಬರೆಯಿರಿ, 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಒಂದು ಪ್ರತಿ ನಮ್ಮ ಸಂಸದರಿಗೂ ಕಳಿಸಿ, ಈ ವರ್ಷದ ವರದಿ ಸದನಕ್ಕೆ ಬಂತಾ ಎಂದು ಕೇಳಿ.